‘ಅಲ್ಲಿ ಜನರಿರಲಿಲ್ಲ’: ಹುಲ್ಲುಗಾವಲಿನ ಪುಟ್ಟ ಮನೆಯ ಬಗ್ಗೆ ಓದುಗರು ಎರಡಾಗಿದ್ದೇಕೆ?

2025ರ ಜನವರಿಯ ಕೊನೆಯಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆಯು ಲಾರಾ ಇಂಗಲ್ಸ್ ವೈಲ್ಡರ್ ಅವರ ‘ಲಿಟಲ್ ಹೌಸ್ ಆನ್ ದಿ ಪ್ರೇರಿ’ ಕಾದಂಬರಿಯನ್ನು ಹೊಸದಾಗಿ ಸರಣಿಯಾಗಿಸುವುದಾಗಿ ಪ್ರಕಟಿಸಿತು. ಬೆನ್ನಿಗೇ ಅಮೆರಿಕದ ಬಲಪಂಥೀಯ ಪತ್ರಕರ್ತೆ ಮೇಗನ್ ಕೆಲ್ಲಿ, ಈ ಕತೆಗೆ ಇಂದಿನ ‘ವೋಕ್’ (ಜನಾಂಗ, ಲಿಂಗದ ಅನ್ಯಾಯಗಳ ಬಗೆಗಿನ ಅತಿ ಜಾಗೃತಿ ಎಂದು ಬಲಪಂಥೀಯರು ಹಂಗಿಸುವ ಪದ) ಬಣ್ಣ ಬಳಿದರೆ ಸರಣಿಯನ್ನು ನೆಲಕಚ್ಚಿಸುವುದೇ ತಮ್ಮ ಏಕೈಕ ಕೆಲಸವಾಗುತ್ತದೆ ಎಂದು ಸಾಮಾಜಿಕ ಜಾಲತಾಣದಲ್ಲಿ ಎಚ್ಚರಿಸಿದರು. ಹಳೆಯ ಟಿವಿ ಸರಣಿಯಲ್ಲಿ ಲಾರಾಳ ಪಾತ್ರ ಮಾಡಿದ್ದ ಮೆಲಿಸ್ಸಾ ಗಿಲ್ಬರ್ಟ್, ಹಳೆಯ ಕಂತುಗಳನ್ನು ನೀವೇ ಇನ್ನೊಮ್ಮೆ ನೋಡಿರಿ, ಜನಾಂಗದ್ವೇಷದಿಂದ ಹಿಡಿದು ಹೆಂಡತಿಯನ್ನು ಹೊಡೆಯುವ ಗಂಡಂದಿರವರೆಗೆ ನಾವು ಮುಟ್ಟದ ವಿಷಯವೇ ಇರಲಿಲ್ಲ ಎಂಬ ಅರ್ಥದ ಉತ್ತರ ಕೊಟ್ಟರು.

ಈ ಜಟಾಪಟಿ ನೋಡಿದ ಸಾಮಾನ್ಯ ಓದುಗರಿಗೆ ಗೊಂದಲವಾಗುವುದು ಸಹಜ. ಕಾಡು, ತೋಳ, ಅಪ್ಪನ ಪಿಟೀಲು, ಅಮ್ಮನ ಜೋಳದ ರೊಟ್ಟಿ ತುಂಬಿರುವ ಮಕ್ಕಳ ಪುಸ್ತಕದಲ್ಲಿ ರಾಜಕೀಯ ಎಲ್ಲಿಂದ ಬಂತು? 2018ರಲ್ಲಿ ಈ ಲೇಖಕಿಯನ್ನು ‘ನಿಷೇಧಿಸಿದರು’ ಎಂಬ ಸುದ್ದಿ ಓಡಾಡಿತ್ತಲ್ಲ, ಹಾಗಾದರೆ ಅದೇ ಪುಸ್ತಕದ ಮೇಲೆ ಇಷ್ಟು ದೊಡ್ಡ ಸಂಸ್ಥೆ ಹಣ ಸುರಿಯುವುದು ಹೇಗೆ?

ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ನಿಷೇಧ ನಡೆದೇ ಇಲ್ಲ. ಅಮೆರಿಕದ ಗ್ರಂಥಾಲಯ ಸಂಘದ ಮಕ್ಕಳ ಸೇವಾ ವಿಭಾಗವು 1954ರಿಂದ ವೈಲ್ಡರ್ ಹೆಸರಿನಲ್ಲಿ ಒಂದು ಪ್ರಶಸ್ತಿ ಕೊಡುತ್ತಿತ್ತು. ಮೊದಲ ಪ್ರಶಸ್ತಿ ಪಡೆದವರೂ ಸ್ವತಃ ವೈಲ್ಡರ್. 2018ರ ಜೂನ್ 23ರಂದು ಆ ವಿಭಾಗದ ಆಡಳಿತ ಮಂಡಳಿ ಸರ್ವಾನುಮತದಿಂದ ಪ್ರಶಸ್ತಿಯ ಹೆಸರನ್ನು ‘ಮಕ್ಕಳ ಸಾಹಿತ್ಯ ಪರಂಪರೆ ಪ್ರಶಸ್ತಿ’ ಎಂದು ಬದಲಿಸಿತು. ಪುಸ್ತಕಗಳನ್ನು ಕಪಾಟಿನಿಂದ ತೆಗೆಯಬೇಕೆಂದಾಗಲಿ, ಯಾರೂ ಓದಬಾರದೆಂದಾಗಲಿ ಅದು ಹೇಳಲಿಲ್ಲ. ಇದು ಓದನ್ನು ತಡೆಯುವ ಯತ್ನವಲ್ಲ ಎಂದು ಸ್ಪಷ್ಟಪಡಿಸಿತ್ತು. ಆದರೂ ‘ಪ್ರಶಸ್ತಿಯಿಂದ ಹೆಸರು ತೆಗೆದರು’ ಎಂಬ ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತ ‘ಪುಸ್ತಕ ತೆಗೆದರು’ ಎಂದಾಯಿತು. ಒಂದು ಪುಸ್ತಕದ ಕರ್ತೃವಿನ ಹೆಸರಿನಲ್ಲಿ ಗೌರವ ಕೊಡುವುದು, ಆ ಪುಸ್ತಕವನ್ನು ಮೂರನೇ ತರಗತಿಯಲ್ಲಿ ಕಡ್ಡಾಯವಾಗಿ ಗಟ್ಟಿಯಾಗಿ ಓದಿಸುವುದು, ಮನೆಯಲ್ಲಿ ಕೂತು ತಾನೇ ಓದಿಕೊಳ್ಳುವುದು, ಇವು ಮೂರು ಬೇರೆ ಬೇರೆ ಸಂಗತಿಗಳು. ವಾದ ಮಾಡುವವರಲ್ಲಿ ಹೆಚ್ಚಿನವರು ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟುತ್ತಾರೆ.

ಮೊದಲನೆಯ ಪ್ರಶ್ನೆಗೆ ಉತ್ತರ ಬೇಕಾದರೆ ಕತೆಯೊಳಗೆ ಹೋಗಬೇಕು.

ಕತೆಯಲ್ಲಿರುವುದೇನು

1935ರಲ್ಲಿ ಹಾರ್ಪರ್ ಸಂಸ್ಥೆ ಪ್ರಕಟಿಸಿದ ಈ ಕಾದಂಬರಿಯು ವೈಲ್ಡರ್ ಬರೆದ ‘ಲಿಟಲ್ ಹೌಸ್’ ಮಾಲೆಯ ಮೂರನೆಯ ಪುಸ್ತಕ. ಅಪ್ಪ ಚಾರ್ಲ್ಸ್, ಅಮ್ಮ ಕ್ಯಾರೊಲಿನ್, ಮಕ್ಕಳಾದ ಮೇರಿ, ಲಾರಾ ಮತ್ತು ಕೂಸು ಕ್ಯಾರಿ, ಜೊತೆಗೆ ಜ್ಯಾಕ್ ಎಂಬ ನಾಯಿ. ಇವರು ವಿಸ್ಕಾನ್ಸಿನ್‌ನ ಕಾಡಿನ ಮನೆ ಮಾರಿ, ಬಟ್ಟೆಯ ಕಮಾನು ಹೊದಿಸಿದ ಕುದುರೆ ಬಂಡಿಯಲ್ಲಿ ಕಾನ್ಸಾಸ್‌ನ ಹುಲ್ಲುಗಾವಲಿಗೆ ಬರುತ್ತಾರೆ. ಅಪ್ಪ ಹೊಳೆಯಂಚಿನಿಂದ ಮರ ಕಡಿದು ತಂದು ದಿಮ್ಮಿಗಳ ಮನೆ ಕಟ್ಟುತ್ತಾನೆ. ಮೊಳೆ ಇಲ್ಲ; ಬಾಗಿಲಿಗೆ ಮರದ ಗೂಟಗಳನ್ನೇ ಹೊಡೆಯುತ್ತಾನೆ. ಚಿಲಕಕ್ಕೆ ಒಂದು ದಾರ, ಅದು ಬಾಗಿಲಿನ ತೂತಿನಿಂದ ಹೊರಗೆ ನೇತಾಡುತ್ತದೆ. ಹೊರಗಿನವರು ದಾರ ಎಳೆದರೆ ಬಾಗಿಲು ತೆರೆದುಕೊಳ್ಳುತ್ತದೆ. ರಾತ್ರಿ ಅದನ್ನು ಒಳಕ್ಕೆ ಎಳೆದುಕೊಂಡರೆ ಅದೇ ಬೀಗ. ಬಾವಿ ತೋಡುವಾಗ ಪ್ರತಿದಿನ ಬೆಳಿಗ್ಗೆ ಮೊದಲು ಉರಿಯುವ ಮೇಣದಬತ್ತಿಯನ್ನು ಕೆಳಗಿಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ನೆರೆಯ ಸ್ಕಾಟ್ ಅದನ್ನು ಹುಚ್ಚು ಎಂದುಕೊಂಡು ಹಾಗೆಯೇ ಇಳಿದು ವಿಷಗಾಳಿಗೆ ಪ್ರಜ್ಞೆ ತಪ್ಪಿ ಬೀಳುತ್ತಾನೆ.

ಕೆಲಸದ ಈ ವಿವರಗಳೇ ಪುಸ್ತಕದ ಜೀವ. ಐವತ್ತು ತೋಳಗಳು ಮನೆಯ ಸುತ್ತ ವೃತ್ತವಾಗಿ ಕೂತು ಊಳಿಡುವ ರಾತ್ರಿ, ಅಪ್ಪ ಮಗಳನ್ನೆತ್ತಿ ಕಿಟಕಿಯ ಬಳಿ ಹಿಡಿದು ತೋರಿಸುತ್ತಾನೆ. ಹೆದರಿಕೆ ಮತ್ತು ಭದ್ರತೆ ಎರಡೂ ಒಟ್ಟಿಗೇ ಮಗುವಿನ ಮೈಗೆ ತಾಗುವ ಅಂಥ ದೃಶ್ಯಗಳನ್ನು ಬರೆಯಬಲ್ಲವರು ಕಡಿಮೆ. ಮಲೇರಿಯಾ ಬಂದು ಇಡೀ ಮನೆ ಮಲಗಿದಾಗ ಬದುಕಿಸುವವನು ಟ್ಯಾನ್ ಎಂಬ ಕಪ್ಪು ವರ್ಣದ ವೈದ್ಯ; ಅವನು ನಿಜವಾಗಿ ಇದ್ದ ವ್ಯಕ್ತಿ. ಕ್ರಿಸ್‌ಮಸ್‌ಗೆ ಉಕ್ಕಿ ಹರಿಯುವ ಹೊಳೆ ಈಜಿ ಬಂದ ನೆರೆಯ ಎಡ್ವರ್ಡ್ಸ್ ಮೇರಿ, ಲಾರಾ ಇಬ್ಬರಿಗೂ ತಲಾ ಒಂದು ತಗಡಿನ ಲೋಟ, ಒಂದು ಪೆಪ್ಪರಮೆಂಟು ಕಡ್ಡಿ, ಹೃದಯಾಕಾರದ ಒಂದು ಪುಟ್ಟ ಕೇಕು ಮತ್ತು ಒಂದು ಪೆನ್ನಿ ತಂದುಕೊಡುತ್ತಾನೆ. ಇಷ್ಟಕ್ಕೇ ಮಕ್ಕಳು ಮಾತು ಮರೆತು ಕೂರುವ ಆ ಪುಟಗಳನ್ನು ಓದಿದವರು ವೃದ್ಧಾಪ್ಯದವರೆಗೂ ನೆನಪಿಟ್ಟುಕೊಂಡಿದ್ದಾರೆ.

ಇದೇ ಪುಸ್ತಕದಲ್ಲಿ ಸ್ಕಾಟ್‌ನ ಹೆಂಡತಿ ‘ಸತ್ತ ಇಂಡಿಯನ್ನನೇ ಒಳ್ಳೆಯ ಇಂಡಿಯನ್’ ಎನ್ನುತ್ತಾಳೆ (ಇಲ್ಲಿ ‘ಇಂಡಿಯನ್’ ಎಂದರೆ ಅಮೆರಿಕದ ಮೂಲನಿವಾಸಿ). ಆ ಮಾತು ಕತೆಯಲ್ಲಿ ಒಂದಲ್ಲ, ಮೂರು ಸಲ ಬರುತ್ತದೆ. ಮೂಲನಿವಾಸಿಗಳ ಹೆಸರೆತ್ತಿದರೆ ಅಮ್ಮನಿಗೆ ಆಗುವುದಿಲ್ಲ. ಅವರು ಮನೆಯೊಳಗೆ ಬಂದು ಜೋಳದ ರೊಟ್ಟಿ ತಿಂದು, ತಂಬಾಕು ಎತ್ತಿಕೊಂಡು ಹೋಗುವ ದೃಶ್ಯಗಳಲ್ಲಿ ಮಗುವಿನ ಕಣ್ಣಿಗೆ ಬೀಳುವುದು ಬರಿಮೈ, ಹೊಳೆಯುವ ಕಣ್ಣು, ಸೊಂಟಕ್ಕೆ ಸುತ್ತಿದ ಪ್ರಾಣಿಯ ಚರ್ಮದ ಗಬ್ಬು ವಾಸನೆ. ಅವರ ಹೆಸರಿಲ್ಲ, ಮಾತಿಗೆ ಅರ್ಥವಿಲ್ಲ.

ಆ ನೆಲ ಯಾರದಾಗಿತ್ತು

ವಿವಾದದ ಬೇರು ಇರುವುದು ಇಲ್ಲಿ. ಇಂಗಲ್ಸ್ ಕುಟುಂಬ 1869ರಿಂದ 1871ರವರೆಗೆ ವಾಸಿಸಿದ್ದು ಕಾನ್ಸಾಸ್‌ನ ಮಾಂಟ್ಗೊಮೆರಿ ಕೌಂಟಿಯಲ್ಲಿ, ಇಂಡಿಪೆಂಡೆನ್ಸ್ ಎಂಬ ಊರಿನ ಸಮೀಪ. ಕಾದಂಬರಿ ಆ ಮನೆ ಊರಿನಿಂದ ನಲವತ್ತು ಮೈಲಿ ದೂರವಿತ್ತು ಎನ್ನುತ್ತದೆ. ನಿಜವಾಗಿ ಇದ್ದದ್ದು ಸುಮಾರು 13 ಮೈಲಿ. ಆ ಜಾಗ 1865ರ ಒಪ್ಪಂದದ ಮೇರೆಗೆ ಒಸೇಜ್ ಎಂಬ ಮೂಲನಿವಾಸಿ ಜನಾಂಗಕ್ಕೆ ಉಳಿದುಕೊಂಡಿದ್ದ ಮೀಸಲು ಭೂಮಿಯ ಒಳಗೇ ಇತ್ತು. 1862ರ ಹೋಮ್‌ಸ್ಟೆಡ್ ಕಾಯ್ದೆ ಸಾಗುವಳಿ ಮಾಡುವವರಿಗೆ ತಲಾ 160 ಎಕರೆ ಸರ್ಕಾರಿ ಭೂಮಿ ಕೊಡುತ್ತಿತ್ತು ನಿಜ, ಆದರೆ ಅದು ಒಸೇಜರ ಈ ನೆಲಕ್ಕೆ ಅನ್ವಯಿಸುತ್ತಿರಲಿಲ್ಲ. ಚಾರ್ಲ್ಸ್ ಇಂಗಲ್ಸ್ ಬಂದು ಮನೆ ಕಟ್ಟಿದ್ದು ಶುದ್ಧ ಒತ್ತುವರಿ.

ನಮ್ಮಲ್ಲಿ ಬಗರ್‌ಹುಕುಂ ಸಾಗುವಳಿ ಗೊತ್ತಿರುವವರಿಗೆ ಇದರ ಲೆಕ್ಕಾಚಾರ ವಿವರಿಸಬೇಕಾಗಿಲ್ಲ. ಹುಕುಂ ಇಲ್ಲದಿದ್ದರೂ ಮೊದಲು ಹೋಗಿ ಉಳುಮೆ ಮಾಡು, ಮನೆ ಕಟ್ಟು, ಇಂದಲ್ಲ ನಾಳೆ ಸರ್ಕಾರ ಸಕ್ರಮ ಮಾಡಿಯೇ ಮಾಡುತ್ತದೆ ಎಂಬ ನಂಬಿಕೆ ಅದರ ಬೆನ್ನೆಲುಬು. ವಾಷಿಂಗ್ಟನ್‌ನಲ್ಲಿರುವ ಒಬ್ಬರಿಂದ, ಈ ಪ್ರದೇಶ ಬೇಗನೆ ಬಿಳಿಯರಿಗೆ ತೆರೆಯುತ್ತದೆ ಎಂಬ ಸುದ್ದಿ ಅಪ್ಪನಿಗೆ ಬಂದಿತ್ತು ಎಂದು ಕಾದಂಬರಿಯಲ್ಲೇ ಅಮ್ಮ ಹೇಳುತ್ತಾಳೆ. ಹೋಲಿಕೆ ಇಲ್ಲಿಗೆ ಮುಗಿಯುತ್ತದೆ, ಏಕೆಂದರೆ ಬಗರ್‌ಹುಕುಂ ಜಮೀನು ಸರ್ಕಾರದ್ದು. ಒಸೇಜರ ನೆಲಕ್ಕೆ ಒಡೆಯರು ಇದ್ದರು, ಅವರು ವರ್ಷಕ್ಕೆ ಎರಡು ಸಲ ಕಾಡುಕೋಣಗಳ ಬೇಟೆಗೆ ಪಶ್ಚಿಮಕ್ಕೆ ಹೋಗಿ ಮರಳುತ್ತಿದ್ದರು. ಮರಳಿ ಬಂದಾಗ ತಮ್ಮ ಹೊಳೆಯಂಚಿನ ಮರಗಳು ಕಡಿದುಹೋಗಿ, ಯಾರದೋ ಮನೆಗಳು ಎದ್ದು ನಿಂತಿರುತ್ತಿದ್ದವು.

ಇದನ್ನು ತಿಳಿದು ಮತ್ತೆ ಓದಿದರೆ ದೃಶ್ಯಗಳ ಅರ್ಥವೇ ಬೇರೆಯಾಗುತ್ತದೆ. ಅಪ್ಪ ಮಕ್ಕಳಿಬ್ಬರನ್ನು ಖಾಲಿಬಿದ್ದ ಇಂಡಿಯನ್ನರ ಬಿಡಾರಕ್ಕೆ ಕರೆದೊಯ್ದಾಗ ಅವರು ಮಣ್ಣಿನಲ್ಲಿ ಬಿದ್ದ ಬಣ್ಣದ ಮಣಿಗಳನ್ನು ಆರಿಸಿ ತಂದು, ಪೋಣಿಸಿ, ತಂಗಿಗೆ ಸರ ಮಾಡುತ್ತಾರೆ. ಮಗುವಿಗೆ ಅದು ನಿಧಿ ಸಿಕ್ಕಿದ ದಿನ. ಬೇಟೆಗೆ ಹೋದ ಕುಟುಂಬಕ್ಕೆ ಅದು ತಾನು ಮತ್ತೆ ಬಂದು ಇಳಿಯಬೇಕಾದ ಜಾಗ. ಮನೆಯೊಳಗೆ ಬಂದು ರೊಟ್ಟಿ, ತಂಬಾಕು ತೆಗೆದುಕೊಂಡವರು ಕಳ್ಳರೋ, ಅಥವಾ ತಮ್ಮ ನೆಲದಲ್ಲಿ ಕೇಳದೆ ಕೂತವರಿಂದ ಬಾಡಿಗೆ ವಸೂಲಿ ಮಾಡಿದವರೋ ಎಂಬ ಪ್ರಶ್ನೆ ಆಗ ತಾನಾಗಿಯೇ ಏಳುತ್ತದೆ.

ಒಸೇಜರ ಮೇಲೆ ಒತ್ತಡ ಬಂದದ್ದು ಒಂದು ದಿಕ್ಕಿನಿಂದಲ್ಲ. 1868ರಲ್ಲಿ ಅವರ ಸುಮಾರು 80 ಲಕ್ಷ ಎಕರೆಯನ್ನು ಎಕರೆಗೆ 20 ಸೆಂಟ್ ಆಸುಪಾಸಿನ ಬೆಲೆಗೆ ಒಂದು ರೈಲ್ವೆ ಕಂಪನಿಗೆ ಕೊಡುವ ಒಪ್ಪಂದ ಸಿದ್ಧವಾಗಿತ್ತು. ಅದರ ವಿರುದ್ಧ ಗದ್ದಲವೆದ್ದು ಅಧ್ಯಕ್ಷ ಗ್ರಾಂಟ್ ಅದನ್ನು ಹಿಂತೆಗೆದರು. 1870ರ ಜುಲೈನ ಕಾಯ್ದೆ ಎಕರೆಗೆ 1.25 ಡಾಲರ್ ಬೆಲೆ ಕಟ್ಟಿ, ಆ ನೆಲವನ್ನು ಅಲ್ಲಿ ಬಂದು ನೆಲೆಸಿದವರಿಗೇ ಮಾರಲು ದಾರಿ ಮಾಡಿತು. ಅದೇ ಸೆಪ್ಟೆಂಬರಿನಲ್ಲಿ ಒಸೇಜ್ ಮುಖಂಡರು ಒಪ್ಪಿಗೆ ಕೊಟ್ಟು, ದಕ್ಷಿಣದ ಇಂಡಿಯನ್ ಟೆರಿಟರಿಗೆ, ಅಂದರೆ ಇಂದಿನ ಒಕ್ಲಹೋಮಾಕ್ಕೆ ಹೊರಟರು. ಅಲ್ಲಿ ಚೆರೋಕೀ ಜನರಿಂದ ಬೆಲೆ ಕೊಟ್ಟು ನೆಲ ಕೊಂಡರು. ಇಂದಿಗೂ ಒಸೇಜ್ ರಾಷ್ಟ್ರದ ಆಡಳಿತ ಅಲ್ಲಿನ ಪಾಹಸ್ಕಾದಿಂದಲೇ ನಡೆಯುತ್ತದೆ. ಹೀಗಾಗಿ ಹುಲ್ಲುಗಾವಲಿನ ಮೂಲನಿವಾಸಿಗಳು ‘ಮರೆಯಾದರು’ ಎಂಬ ಭಾವನೆಯೂ ಸರಿಯಲ್ಲ. ಅವರ ಮರಿಮಕ್ಕಳು ಈ ಪುಸ್ತಕವನ್ನು ಶಾಲೆಯಲ್ಲಿ ಓದುತ್ತಿದ್ದಾರೆ.

ಒಂದು ಪದದ ತಿದ್ದುಪಡಿ

1935ರ ಮೂಲ ಪಠ್ಯದಲ್ಲಿ, ಪಶ್ಚಿಮದ ಬಯಲನ್ನು ವರ್ಣಿಸುವ ಆರಂಭದ ಪುಟಗಳಲ್ಲಿ, ಕಾಡುಪ್ರಾಣಿಗಳು ಕೊನೆಯಿಲ್ಲದ ಹುಲ್ಲುಗಾವಲಿನಲ್ಲಿ ಮೇಯುತ್ತಿದ್ದವು, ಅಲ್ಲಿ ಜನರಿರಲಿಲ್ಲ, ಇಂಡಿಯನ್ನರು ಮಾತ್ರ ಇದ್ದರು ಎಂಬರ್ಥದ ಸಾಲುಗಳಿದ್ದವು. 1952ರಲ್ಲಿ ಓದುಗರೊಬ್ಬರು ಪ್ರಕಾಶಕರಿಗೆ ಪತ್ರ ಬರೆದು ಇದನ್ನು ಆಕ್ಷೇಪಿಸಿದರು. ಪುಸ್ತಕ ಹೊರಬಂದು 17 ವರ್ಷವಾದರೂ ಸಂಸ್ಥೆಯಲ್ಲಿ ಯಾರಿಗೂ ಅದು ಕಣ್ಣಿಗೆ ಬಿದ್ದಿರಲಿಲ್ಲ. ಸಂಪಾದಕಿ ಉರ್ಸುಲಾ ನಾರ್ಡ್‌ಸ್ಟ್ರಾಮ್ ವಿಷಯ ತಿಳಿಸಿದಾಗ ವೈಲ್ಡರ್ ವಾದಕ್ಕಿಳಿಯಲಿಲ್ಲ. ಅದು ತಮ್ಮ ಪೆದ್ದುತನದ ತಪ್ಪೆಂದೂ, ಇಂಡಿಯನ್ನರು ಖಂಡಿತವಾಗಿ ಜನರೇ ಎಂದೂ ಬರೆದು ಬದಲಾವಣೆಗೆ ಒಪ್ಪಿದರು. 1953ರಲ್ಲಿ ಗಾರ್ತ್ ವಿಲಿಯಮ್ಸ್ ಅವರ ಹೊಸ ಚಿತ್ರಗಳೊಂದಿಗೆ ಬಂದ ಆವೃತ್ತಿಯಲ್ಲಿ ‘ಜನರಿರಲಿಲ್ಲ’ ಎಂಬುದು ‘ವಲಸಿಗರಿರಲಿಲ್ಲ’ ಎಂದಾಯಿತು.

ಪುಸ್ತಕದ ಪರವಾಗಿರುವವರು ಈ ಘಟನೆಯನ್ನು ಲೇಖಕಿಯ ಒಳ್ಳೆಯತನಕ್ಕೆ ಸಾಕ್ಷಿಯಾಗಿ ಕೊಡುತ್ತಾರೆ, ಅದರಲ್ಲಿ ಹುರುಳಿದೆ. ಎಂಬತ್ತೈದು ದಾಟಿದ ವಯಸ್ಸಿನಲ್ಲಿ ತಕ್ಷಣ ತಪ್ಪೊಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ಆದರೆ ತಿದ್ದುಪಡಿ ಮುಟ್ಟಿದ್ದು ಪದವನ್ನು ಮಾತ್ರ. ನೆಲ ಖಾಲಿಯಿದೆ, ಬರುವವರಿಗಾಗಿ ಕಾಯುತ್ತಿದೆ ಎಂಬ ನೋಟ ಹೊಸ ವಾಕ್ಯದಲ್ಲೂ ಹಾಗೆಯೇ ಉಳಿಯಿತು. ಈ ಬರಹದ ಅಭಿಪ್ರಾಯದಲ್ಲಿ ಆ ತಿದ್ದುಪಡಿ ಓದುಗರಿಗೆ ಒಂದು ಬಗೆಯ ಅನ್ಯಾಯವನ್ನೂ ಮಾಡಿದೆ: ಮೂಲ ವಾಕ್ಯ ಎದ್ದು ಕಾಣುವಷ್ಟು ಒರಟಾಗಿದ್ದರಿಂದ ಓದುಗರೊಬ್ಬರು ತಡೆದು ನಿಂತು ಪತ್ರ ಬರೆದರು, ನಯವಾದ ವಾಕ್ಯ ಯಾರನ್ನೂ ತಡೆದು ನಿಲ್ಲಿಸುವುದಿಲ್ಲ.

ಮೆಚ್ಚುವವರ ವಾದ

ಪುಸ್ತಕವನ್ನು ಸಮರ್ಥಿಸುವ ಓದುಗರೆಲ್ಲ ಜನಾಂಗದ್ವೇಷವನ್ನು ಸಮರ್ಥಿಸುತ್ತಿದ್ದಾರೆ ಎಂದರೆ ತಪ್ಪಾಗುತ್ತದೆ. ಅವರಲ್ಲಿ ಸೂಕ್ಷ್ಮವಾಗಿ ಓದಿದವರ ವಾದ ಹೀಗಿದೆ: ದ್ವೇಷದ ಮಾತನ್ನಾಡುವುದು ಪಾತ್ರ, ಲೇಖಕಿಯಲ್ಲ. ಸ್ಕಾಟ್‌ನ ಹೆಂಡತಿಯ ಮಾತನ್ನು ಅಪ್ಪ ಒಪ್ಪುವುದಿಲ್ಲ. ಯುದ್ಧಕ್ಕೆ ಹೊರಟ ಗುಂಪುಗಳನ್ನು ತಡೆದು ಬಿಳಿಯರ ಜೀವ ಉಳಿಸಿದವನು ಒಬ್ಬ ಒಸೇಜ್ ನಾಯಕ ಎಂದು ಕತೆಯೇ ಹೇಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಲಾರಾ ಪ್ರಶ್ನೆ ಕೇಳುತ್ತಾಳೆ.

ಇದು ಇಂಡಿಯನ್ನರ ದೇಶವಲ್ಲವೇ, ಅವರನ್ನು ಕಂಡರೆ ಆಗದಿದ್ದ ಮೇಲೆ ನಾವು ಇಲ್ಲಿಗೆ ಬಂದದ್ದೇಕೆ ಎಂದು ಅವಳು ಅಮ್ಮನನ್ನು ಕೇಳುತ್ತಾಳೆ. ಗಡಿ ಎಲ್ಲಿದೆಯೋ ತನಗೆ ಗೊತ್ತಿಲ್ಲ, ಹೇಗಿದ್ದರೂ ಅವರು ಇಲ್ಲಿ ಹೆಚ್ಚು ದಿನ ಇರುವುದಿಲ್ಲ ಎನ್ನುತ್ತಾಳೆ ಅಮ್ಮ. ಇನ್ನೊಂದು ರಾತ್ರಿ ಅಪ್ಪನ ಬಳಿಯೂ ಅದೇ ಪ್ರಶ್ನೆ. ಬಿಳಿಯರು ಬಂದಲ್ಲಿಂದ ಇಂಡಿಯನ್ನರು ಹೊರಡಬೇಕಾಗುತ್ತದೆ, ಮೊದಲು ಬಂದವರಿಗೆ ಒಳ್ಳೆಯ ನೆಲ ಸಿಗುತ್ತದೆ ಎಂದು ಅಪ್ಪ ಬಿಡಿಸಿ ಹೇಳುತ್ತಾನೆ. ಹಾಗೆ ಹೊರಡಿಸಿದರೆ ಅವರಿಗೆ ಸಿಟ್ಟು ಬರುವುದಿಲ್ಲವೇ ಎಂದು ಅವಳು ಶುರು ಮಾಡುವಷ್ಟರಲ್ಲಿ, ಪ್ರಶ್ನೆ ಸಾಕು, ಮಲಗು ಎಂಬ ಉತ್ತರ ಬರುತ್ತದೆ. ಕೊನೆಯಲ್ಲಿ ಒಸೇಜರು ಗಂಟೆಗಟ್ಟಲೆ ಸಾಲುಗಟ್ಟಿ ಮನೆಯ ಮುಂದೆ ಹಾದುಹೋಗುವಾಗ, ಬುಟ್ಟಿಯಲ್ಲಿ ಕೂತ ಕೂಸೊಂದರ ಕಪ್ಪು ಕಣ್ಣು ನೋಡಿ ಲಾರಾ ಆ ಮಗು ತನಗೆ ಬೇಕೆಂದು ಬಿಕ್ಕಿ ಬಿಕ್ಕಿ ಅಳುತ್ತಾಳೆ. ಅಂದು ಮಧ್ಯಾಹ್ನ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ.

ತನ್ನ ಅಪ್ಪ ಅಮ್ಮ ಉತ್ತರವಿಲ್ಲದೆ ತಡವರಿಸಿದ್ದನ್ನು ಮರೆಮಾಚದೆ ಬರೆದ ಲೇಖಕಿಯನ್ನು ದ್ವೇಷದ ಲೇಖಕಿ ಎನ್ನುವುದು ಹೇಗೆ ಎಂದು ಈ ಓದುಗರು ಕೇಳುತ್ತಾರೆ. ಇಂಥ ಪುಸ್ತಕ ಮಕ್ಕಳ ಕೈಯಿಂದ ಜಾರಿದರೆ ಆ ಕಾಲದ ಬಿಳಿಯರ ಮನಸ್ಸು ಹೇಗಿತ್ತೆಂಬ ಸಾಕ್ಷ್ಯವೂ ಜಾರುತ್ತದೆ ಎಂಬುದು ಅವರ ಚಿಂತೆ.

ನೊಂದವರ ವಾದ

ಇದಕ್ಕೆ ಎದುರು ನಿಂತವರು ಸಾಹಿತ್ಯ ವಿಮರ್ಶೆಯಿಂದ ಆರಂಭಿಸುವುದಿಲ್ಲ, ತರಗತಿಯಿಂದ ಆರಂಭಿಸುತ್ತಾರೆ. 1998ರಲ್ಲಿ ಮಿನ್ನೆಸೋಟಾದ ಶಾಲೆಯೊಂದರಲ್ಲಿ ಶಿಕ್ಷಕಿ ಈ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದಾಗ, ‘ಸತ್ತ ಇಂಡಿಯನ್ನನೇ ಒಳ್ಳೆಯ ಇಂಡಿಯನ್’ ಎಂಬ ಮಾತು ಕೇಳಿದ ಡಕೋಟಾ ಮೂಲನಿವಾಸಿ ಜನಾಂಗದ ಎಂಟು ವರ್ಷದ ಬಾಲಕಿ ಅಳುತ್ತ ಮನೆಗೆ ಹೋದಳು. ಅವಳ ತಾಯಿ, ಇತಿಹಾಸ ವಿದ್ವಾಂಸೆ ವಜಿಯಾತಾವಿನ್, ಪುಸ್ತಕವನ್ನು ಪಾಠಕ್ರಮದಿಂದ ಕೈಬಿಡುವಂತೆ ಶಾಲೆಯನ್ನು ಕೇಳಿದಾಗ ಅದು ದೊಡ್ಡ ವಿವಾದವಾಯಿತು. ಪಾತ್ರದ ಮಾತು ಬೇರೆ, ಲೇಖಕಿಯ ಮಾತು ಬೇರೆ ಎಂಬ ವ್ಯತ್ಯಾಸ ವಯಸ್ಕರಿಗೆ ತಿಳಿಯುತ್ತದೆ. ಮೂವತ್ತು ಸಹಪಾಠಿಗಳ ನಡುವೆ ಕೂತ ಎಂಟು ವರ್ಷದ ಮಗುವಿಗೆ ಕೇಳಿಸುವುದು ಒಂದೇ: ಅದು ತನ್ನ ಬಗ್ಗೆ ಹೇಳಿದ ಮಾತು.

ನಂಬೆ ಪ್ಯೂಬ್ಲೊ ಜನಾಂಗದ ವಿದ್ವಾಂಸೆ ಡೆಬ್ಬಿ ರೀಸ್ ಅವರಂಥವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ಆ ಕಾಲವೇ ಹಾಗಿತ್ತು’ ಎಂಬ ಸಮಾಧಾನವನ್ನು ಪ್ರಶ್ನಿಸುತ್ತಾರೆ. ಆ ಕಾಲದಲ್ಲಿ ಬದುಕಿದ್ದವರಲ್ಲಿ ಒಸೇಜರೂ ಇದ್ದರು, ಅವರಿಗೆ ತಾವು ಜನರೆಂಬುದು ಚೆನ್ನಾಗಿ ಗೊತ್ತಿತ್ತು. ‘ಆ ಕಾಲ’ ಎಂದಾಗ ನಾವು ಲೆಕ್ಕಕ್ಕೆ ಹಿಡಿಯುವುದು ಬಿಳಿಯರನ್ನು ಮಾತ್ರವೇ? ಒಸೇಜ್ ವಂಶದ ಪತ್ರಕರ್ತ ಡೆನಿಸ್ ಮೆಕಾಲಿಫ್ ಈ ಕಾದಂಬರಿಯನ್ನು ತಮ್ಮ ಪೂರ್ವಜರ ಕಡೆಯಿಂದ ಓದಿ ಬರೆದ ಪ್ರಬಂಧ ಅಮೆರಿಕದಲ್ಲಿ ಈ ಚರ್ಚೆಯ ದಿಕ್ಕನ್ನು ಬದಲಿಸಿದ ಬರಹಗಳಲ್ಲೊಂದು.

ಲಾರಾಳ ಅಳುವಿನ ದೃಶ್ಯವನ್ನೂ ಈ ಓದುಗರು ಬೇರೆ ರೀತಿ ನೋಡುತ್ತಾರೆ. ನೆಲ ಬೇಕೆಂದ ಅಪ್ಪನ ಮಗಳು ಈಗ ಮಗುವೂ ಬೇಕೆನ್ನುತ್ತಾಳೆ. ಒಬ್ಬರಿಗೆ ಮರುಕವಾಗಿ ಕಂಡದ್ದು ಇನ್ನೊಬ್ಬರಿಗೆ ಕಸಿಯುವ ಹಂಬಲವಾಗಿ ಕಾಣುತ್ತದೆ. ಪಠ್ಯ ಎರಡೂ ಓದಿಗೆ ಎಡೆ ಕೊಡುತ್ತದೆ. ಕಾರಣವೇನೆಂದರೆ, ಕಾದಂಬರಿಯ ಕಣ್ಣು ಮಗುವಿನದು, ಅದು ಕಂಡದ್ದನ್ನು ಹೇಳುತ್ತದೆ, ಕಾಣದ್ದನ್ನು ತುಂಬುವ ಕೆಲಸ ಓದುಗರಿಗೆ ಬಿಟ್ಟಿದೆ. ತನ್ನ ಮನೆಯ ನೆನಪನ್ನು ತುಂಬುವವರಿಗೆ ಅದು ಪ್ರೀತಿಯ ಪುಸ್ತಕವಾಗುತ್ತದೆ, ಮನೆ ಕಳೆದುಕೊಂಡ ನೆನಪಿರುವವರಿಗೆ ಬೇರೆಯೇ ಪುಸ್ತಕವಾಗುತ್ತದೆ. ಬರವಣಿಗೆಯ ಯಾವ ಶಕ್ತಿ ಇದನ್ನು ಕ್ಲಾಸಿಕ್ ಮಾಡಿತೋ, ಗಾಯ ಮಾಡುವುದೂ ಅದೇ ಶಕ್ತಿ.

ಮೂರನೆಯ ಗುಂಪೊಂದಿದೆ. ಈ ಪುಸ್ತಕವನ್ನು ಒಂಟಿಯಾಗಿ ಓದಿಸಬೇಡಿ, ಜೊತೆಗೆ ಇನ್ನೊಂದನ್ನಿಡಿ ಎನ್ನುವ ಶಿಕ್ಷಕರು. ಅವರ ಕೈಗೆ ಸಿಕ್ಕಿದ್ದು 1999ರಲ್ಲಿ ಲೂಯಿಸ್ ಅರ್ಡ್ರಿಕ್ ಬರೆದ ‘ದಿ ಬರ್ಚ್‌ಬಾರ್ಕ್ ಹೌಸ್’. ಅದರಲ್ಲಿ ಓಜಿಬ್ವೆ ಮೂಲನಿವಾಸಿ ಬಾಲಕಿಯೊಬ್ಬಳ ಮನೆ, ಅಡುಗೆ, ಚಳಿಗಾಲ, ಕಾಯಿಲೆ ಇವೆಲ್ಲ ವೈಲ್ಡರ್ ಪುಸ್ತಕದಷ್ಟೇ ಆಪ್ತವಾದ ವಿವರಗಳಲ್ಲಿ ಬರುತ್ತವೆ. ಸಲಹೆ ಒಳ್ಳೆಯದೇ, ಆದರೆ ಎರಡು ಪುಸ್ತಕ ಓದಿಸುವಷ್ಟು ತರಗತಿಯ ಸಮಯ ಎಷ್ಟು ಶಾಲೆಗಳಲ್ಲಿದೆ ಎಂಬುದು ಬೇರೆ ಮಾತು.

ಕಾದಂಬರಿಯೋ, ನಡೆದ ಕತೆಯೋ

ಗೊಂದಲಕ್ಕೆ ಇನ್ನೊಂದು ಕಾರಣ, ಓದುಗರು ಇದನ್ನು ಆತ್ಮಕಥೆ ಎಂದೇ ನಂಬಿರುವುದು. ಲೇಖಕಿ ಹುಟ್ಟಿದ್ದು 1867ರ ಫೆಬ್ರುವರಿಯಲ್ಲಿ. ಕಾನ್ಸಾಸ್‌ನಲ್ಲಿದ್ದಾಗ ಅವರಿಗೆ ಎರಡೂವರೆಯಿಂದ ನಾಲ್ಕು ವರ್ಷ. ಕಾದಂಬರಿಯ ಲಾರಾ ಅದಕ್ಕಿಂತ ದೊಡ್ಡವಳು. ಕಂಡದ್ದಕ್ಕಿಂತ ಮನೆಯವರಿಂದ ಕೇಳಿದ್ದೇ ಇಲ್ಲಿ ಹೆಚ್ಚು. 1930ರ ದಶಕದಲ್ಲಿ ವೈಲ್ಡರ್ ಮತ್ತು ಅವರ ಮಗಳು ರೋಸ್ ಹಳೆಯ ಮನೆಯ ಜಾಗ ಹುಡುಕಿಕೊಂಡು ಹೋದದ್ದೂ ಆ ‘ನಲವತ್ತು ಮೈಲಿ’ಯ ಲೆಕ್ಕ ನಂಬಿ ತಪ್ಪು ದಿಕ್ಕಿಗೆ.

ಮಗಳು ರೋಸ್ ವೈಲ್ಡರ್ ಲೇನ್ ಹೆಸರಾಂತ ಲೇಖಕಿ, ಸರ್ಕಾರದ ಹಸ್ತಕ್ಷೇಪವನ್ನು ಕಟುವಾಗಿ ವಿರೋಧಿಸುತ್ತಿದ್ದವರು. ತಾಯಿಯ ಹಸ್ತಪ್ರತಿಗಳನ್ನು ತಿದ್ದಿ ರೂಪಿಸಿದ್ದರಲ್ಲಿ ಅವರ ಪಾತ್ರ ದೊಡ್ಡದು. ಮಹಾ ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವರ ಪರಿಹಾರ ಯೋಜನೆಗಳನ್ನು ಇಬ್ಬರೂ ಮೆಚ್ಚಿರಲಿಲ್ಲ. ಕಾದಂಬರಿಯ ಕೊನೆಯಲ್ಲಿ, ಸೈನಿಕರು ಬಂದು ಅಪರಾಧಿಯಂತೆ ಎಳೆದೊಯ್ಯುವವರೆಗೆ ಕಾಯುವುದಿಲ್ಲ ಎಂದು ಅಪ್ಪ ವಾಷಿಂಗ್ಟನ್ ರಾಜಕಾರಣಿಗಳನ್ನು ಶಪಿಸಿ, ನೇಗಿಲನ್ನು ಹೊಲದಲ್ಲೇ ಬಿಟ್ಟು ಹೊರಡುತ್ತಾನೆ. ವಾಸ್ತವದಲ್ಲಿ, ಆ ವೇಳೆಗೆ ಅಲ್ಲಿದ್ದವರು ಎಕರೆಗೆ 1.25 ಡಾಲರ್ ಕೊಟ್ಟು ನೆಲವನ್ನು ತಮ್ಮದಾಗಿಸಿಕೊಳ್ಳಬಹುದಿತ್ತು. 160 ಎಕರೆಗೆ 200 ಡಾಲರ್. ಕುಟುಂಬ ಹಿಂತಿರುಗಲು, ವಿಸ್ಕಾನ್ಸಿನ್ ಮನೆ ಕೊಂಡವನು ಹಣ ತೀರಿಸಲಾಗದೆ ಅದನ್ನು ಮರಳಿ ಕೊಟ್ಟದ್ದೂ ಒಂದು ಕಾರಣ. ವೈಲ್ಡರ್ ಮೊದಲು ವಯಸ್ಕರಿಗಾಗಿ ಬರೆದಿದ್ದ ಆತ್ಮಕಥನ ಟಿಪ್ಪಣಿಗಳೊಡನೆ 2014ರಲ್ಲಿ ಅಚ್ಚಾದ ಮೇಲೆ, ಮತ್ತು ಕ್ಯಾರೊಲಿನ್ ಫ್ರೇಜರ್ ಬರೆದ ಜೀವನಚರಿತ್ರೆ 2018ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಮೇಲೆ, ಇಂಥ ವ್ಯತ್ಯಾಸಗಳು ಸಾಮಾನ್ಯ ಓದುಗರಿಗೂ ತಲುಪಿವೆ. ‘ಸ್ವಂತ ಬಲದಿಂದ ಬದುಕಿದವರು’ ಎಂಬ ಚಿತ್ರಕ್ಕೆ ಕಷ್ಟ ಕೊಡುವ ಇನ್ನೊಂದು ಸಂಗತಿ: ಕಣ್ಣು ಕಳೆದುಕೊಂಡ ಅಕ್ಕ ಮೇರಿ ಅಯೋವಾದ ಅಂಧರ ಕಾಲೇಜಿನಲ್ಲಿ ಕಲಿತದ್ದು ಡಕೋಟಾ ಪ್ರಾಂತ್ಯದ ಸರ್ಕಾರಿ ಖರ್ಚಿನಲ್ಲಿ. ಕಾದಂಬರಿ ಮಾಲೆಯಲ್ಲಿ ಆ ಖರ್ಚಿಗೆ ದುಡಿಯುವವಳು ಲಾರಾ.

ಪುಸ್ತಕ ಬೇರೆ, ಟಿವಿ ಬೇರೆ

2025ರ ಜಗಳದಲ್ಲಿ ಎರಡು ಕಡೆಯವರೂ ಒಂದೇ ಕೃತಿಯ ಬಗ್ಗೆ ಮಾತಾಡುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. 1974ರಿಂದ 1983ರವರೆಗೆ ಪ್ರಸಾರವಾದ, ಮೈಕೆಲ್ ಲ್ಯಾಂಡನ್ ಅವರ ಸರಣಿಯಲ್ಲಿ ಕಾನ್ಸಾಸ್ ಬರುವುದು ಮೊದಲ ಚಿತ್ರದಲ್ಲಿ ಮಾತ್ರ. ಅನಂತರದ ಕತೆಯೆಲ್ಲ ಹೆಚ್ಚಾಗಿ ಮಿನ್ನೆಸೋಟಾದ ವಾಲ್ನಟ್ ಗ್ರೋವ್ ಎಂಬ ಊರಿನದು, ಅದರಲ್ಲೂ ಬಹುಪಾಲು ಪುಸ್ತಕದಲ್ಲಿಲ್ಲದ ಕಲ್ಪಿತ ಪ್ರಸಂಗಗಳು. ಚರ್ಚು, ಶಾಲೆ, ಕಿರಾಣಿ ಅಂಗಡಿಯ ಜಂಬದ ನೆಲ್ಲಿ, ಕಣ್ಣೀರಿನ ಕೊನೆ, ಇವು ಟಿವಿ ನೋಡಿ ಬೆಳೆದವರ ‘ಪುಟ್ಟ ಮನೆ’. ಆ ಊರಿನಲ್ಲಿ ಒಸೇಜರ ನೆಲದ ಪ್ರಶ್ನೆಯೇ ಏಳುವುದಿಲ್ಲ. ಆದ್ದರಿಂದ, ನಮ್ಮ ಮುಗ್ಧ ಸರಣಿಯಲ್ಲಿ ಇಲ್ಲದ ರಾಜಕೀಯ ತುರುಕುತ್ತಿದ್ದಾರೆ ಎಂದು ಅವರಿಗೆ ಪ್ರಾಮಾಣಿಕವಾಗಿಯೇ ಅನಿಸುತ್ತದೆ. ಪುಸ್ತಕ ಓದಿದವರಿಗೆ ಗೊತ್ತು, ಆ ರಾಜಕೀಯ 1935ರಿಂದಲೂ ಅಲ್ಲೇ ಇದೆ.

ನೆಟ್‌ಫ್ಲಿಕ್ಸ್ ಕಾನ್ಸಾಸ್‌ನ ಕತೆಗೇ ಮರಳಿ, ಡಾಕ್ಟರ್ ಟ್ಯಾನ್ ಹಾಗೂ ಒಸೇಜ್ ಕುಟುಂಬವೊಂದರ ಪಾತ್ರಗಳಿಗೂ ನಟರನ್ನು ಆರಿಸಿದೆ. ಟ್ಯಾನ್ ಪಾತ್ರ ಬಂದ ಮಾತ್ರಕ್ಕೆ ಅದನ್ನು ಹೊಸ ಕಾಲದ ಸೇರ್ಪಡೆ ಎನ್ನುವವರು ಪುಸ್ತಕದ ಜ್ವರದ ಅಧ್ಯಾಯವನ್ನು ತೆರೆದು ನೋಡಬಹುದು. ಒಸೇಜ್ ಕುಟುಂಬಕ್ಕೆ ಹೆಸರು, ಮಾತು, ಮನೆ ಕೊಡುವುದು ಮಾತ್ರ ಪುಸ್ತಕ ಮಾಡದ ಕೆಲಸ. ಅದನ್ನು ಮಾಡಿದ ಕೂಡಲೇ ಅಪ್ಪನ ಸಾಹಸ ಎದುರಿನವರ ನಷ್ಟವಾಗಿಯೂ ಪರದೆಯ ಮೇಲೆ ಕಾಣಬೇಕಾಗುತ್ತದೆ. ಅಪ್ಪನನ್ನು ಪ್ರೀತಿಸುತ್ತಲೇ ಅದನ್ನು ತೋರಿಸುವುದು ಎಷ್ಟರ ಮಟ್ಟಿಗೆ ಸಾಧ್ಯ ಎಂಬುದರ ಮೇಲೆ ಸರಣಿಯ ಬಗೆಗಿನ ಓದುಗರ ತೀರ್ಪು ನಿಂತಿದೆ.

ಹಕ್ಕುಸ್ವಾಮ್ಯ ಮುಗಿದಾಗ

ಹೆಚ್ಚು ಚರ್ಚೆಯಾಗದ ಪರಿಣಾಮವೊಂದು ಮುಂದಿದೆ. ಅಮೆರಿಕದ ಕಾನೂನಿನಲ್ಲಿ ಆ ಕಾಲದ ಪುಸ್ತಕಗಳಿಗೆ ಪ್ರಕಟಣೆಯಿಂದ 95 ವರ್ಷಗಳ ಹಕ್ಕುಸ್ವಾಮ್ಯವಿದೆ. ಮಾಲೆಯ ಮೊದಲ ಪುಸ್ತಕ 1932ರದು, ಅದು 2028ರ ಜನವರಿ 1ರಂದು ಸಾರ್ವಜನಿಕ ಸ್ವತ್ತಾಗುತ್ತದೆ. ಹುಲ್ಲುಗಾವಲಿನ ಕಾದಂಬರಿ 2031ರ ಜನವರಿ 1ರಂದು. ಅಂದಿನಿಂದ ಒಸೇಜ್ ಮಗುವಿನ ಕಣ್ಣಿನಿಂದ ಇದೇ ಕತೆಯನ್ನು ಯಾರು ಬೇಕಾದರೂ ಮರಳಿ ಬರೆಯಬಹುದು. ಆದರೆ ಮುಕ್ತವಾಗುವುದು 1935ರ ಪಠ್ಯ. ಅಗ್ಗದ ಆವೃತ್ತಿ ತರುವ ಪ್ರಕಾಶಕರು ಸುರಕ್ಷಿತವೆಂದು ಅದನ್ನೇ ಅಚ್ಚು ಹಾಕಿದರೆ, ಲೇಖಕಿಯೇ ನಾಚಿ ತಿದ್ದಿದ ‘ಜನರಿರಲಿಲ್ಲ’ ಎಂಬ ಮಾತು 78 ವರ್ಷಗಳ ಅನಂತರ ಮತ್ತೆ ಮಕ್ಕಳ ಕೈ ಸೇರುವ ಸಾಧ್ಯತೆ ಹೆಚ್ಚು.

ಭಾರತದಲ್ಲಿ ಈ ಕಾಲ ಆಗಲೇ ಬಂದಿದೆ. ಇಲ್ಲಿನ ಕಾಯ್ದೆಯಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷಗಳವರೆಗೆ ಮಾತ್ರ ಹಕ್ಕುಸ್ವಾಮ್ಯ. ವೈಲ್ಡರ್ 1957ರ ಫೆಬ್ರುವರಿಯಲ್ಲಿ ತೀರಿಕೊಂಡದ್ದರಿಂದ, ಅವರು ಬದುಕಿದ್ದಾಗ ಪ್ರಕಟವಾದ ಪುಸ್ತಕಗಳು 2018ರ ಜನವರಿ 1ರಿಂದ ಇಲ್ಲಿ ಮುಕ್ತ. ಕನ್ನಡಕ್ಕೆ ಇದು ದೂರದ ವಿಚಾರವಲ್ಲ, ಎಸ್. ಅನಂತನಾರಾಯಣರ ಅನುವಾದದಿಂದ ‘ಹುಲ್ಲುಗಾವಲಿನಲ್ಲಿ ಪುಟ್ಟ ಮನೆ’ ನಮ್ಮ ಓದುಗರಿಗೂ ಪರಿಚಿತ. ಆ ಅನುವಾದದ ಹಕ್ಕು ಪ್ರತ್ಯೇಕ, ಗಾರ್ತ್ ವಿಲಿಯಮ್ಸ್ 1996ರವರೆಗೆ ಬದುಕಿದ್ದರಿಂದ ಚಿತ್ರಗಳ ಹಕ್ಕೂ ಪ್ರತ್ಯೇಕ. ಇನ್ನು ಮುಂದೆ ಹೊಸದಾಗಿ ಅನುವಾದಿಸುವವರು ಮೊದಲ ಪುಟಗಳಲ್ಲೇ ಎದುರಿಸಬೇಕಾದ ತೊಡಕು, ಯಾವ ಆವೃತ್ತಿಯನ್ನು ಎದುರಿಗಿಟ್ಟುಕೊಳ್ಳಬೇಕು ಎಂಬುದು. 1953ರ ತಿದ್ದಿದ ವಾಕ್ಯವನ್ನು ಆಯ್ದುಕೊಂಡರೂ ಕನ್ನಡದಲ್ಲಿ ಎಚ್ಚರ ಬೇಕು. ಇಂಥ ಬಯಲಿಗೆ ನಮ್ಮ ಕೈಗೆ ಥಟ್ಟನೆ ಸಿಗುವ ಪದಗಳೆಂದರೆ ‘ನಿರ್ಜನ’ ಮತ್ತು ‘ಜನವಸತಿಯಿಲ್ಲದ’. ಅವುಗಳಲ್ಲಿ ಯಾವುದನ್ನು ಬಳಸಿದರೂ ಲೇಖಕಿ ತಿದ್ದಿದ ತಪ್ಪು ಅನುವಾದಕರ ಕೈಯಿಂದ ಮತ್ತೆ ಒಳಗೆ ಬರುತ್ತದೆ.